ಹಿಟ್ಟಿನ ಕೋಳಿಯೂ ಬಟ್ಟೆಯ ನಾಯಿಯೂ

ಕಾರ್ಕಳದ ಪೇಟೆಯಲ್ಲಿ ನಮ್ಮದೊಂದು ಅಂಗಡಿಯಿದೆ. ತಂದೆಯವರ ಕಾಲದಲ್ಲಿ ಅಲ್ಲಿ ಜವಳಿ ಮಾತ್ರ ಮಾರಾಟವಾಗುತ್ತಿತ್ತು. ನನ್ನ ಕಾಲಕ್ಕೆ ಮಕ್ಕಳ ಉಡುಪು, ಶಾಲೆಯ ಚೀಲ, ಆಟಿಕೆಗಳು ಸೇರಿಕೊಂಡವು. ಆಟಿಕೆಗಳ ಪೈಕಿ ಇಂದು ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಮೆತ್ತನೆಯ ಬಟ್ಟೆಯೊಳಗೆ ನಾರು ತುಂಬಿ ಹೊಲಿದ ಕರಡಿ, ನಾಯಿ, ಮೊಲ, ಬೆಕ್ಕುಗಳು. ಅವುಗಳ ವಿಷಯವಾಗಿ ಬರೆಯಹೊರಟಿರುವ ನಾನು ಅವುಗಳನ್ನು ಮಾರಿ ಲಾಭ ಪಡೆಯುವವನು ಎಂಬುದನ್ನು ಮೊದಲೇ ತಿಳಿಸಿಬಿಡುವುದು ನ್ಯಾಯ. ತಕ್ಕಡಿ ಹಿಡಿದವನ ಕೈ ಯಾವ ಕಡೆಗೆ ವಾಲಬಹುದೆಂಬುದು ಓದುಗರಿಗೆ ಗೊತ್ತಿರಬೇಕು.

ನನ್ನ ಮಗನ ಸಂಸಾರ ಮಣಿಪಾಲದಲ್ಲಿದೆ. ವಸತಿ ಸಮುಚ್ಚಯವೊಂದರ ಐದನೆಯ ಮಹಡಿ. ಎಂಟು ವರ್ಷದ ಮೊಮ್ಮಗಳು ಕಳೆದ ವರ್ಷ ನಾಯಿಮರಿ ಬೇಕೆಂದು ಹಟ ಹಿಡಿದಳು. ಮಗನಿಗೂ ಸೊಸೆಗೂ ದೊಡ್ಡ ವಿರೋಧವೇನಿರಲಿಲ್ಲ. ಅಡ್ಡ ಬಂದವನು ನಾನು. ವ್ರತಿಕರ ಮನೆಗೆ ನಾಯಿ ಸಲ್ಲದು ಎಂದೆ. ಅಂಗಡಿಯಿಂದ ಕಂದು ಬಣ್ಣದ ಬಟ್ಟೆಯ ನಾಯಿಯೊಂದನ್ನು ತಂದು ಕೊಟ್ಟೆ. "ಇದು ಕಚ್ಚುವುದಿಲ್ಲ, ಬೊಗಳುವುದಿಲ್ಲ, ಇದಕ್ಕೆ ಹಸಿವೆಯೂ ಇಲ್ಲ" ಎಂದು ಅದರ ಗುಣಗಾನ ಮಾಡಿದೆ. ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಯಿಂದ ಕಾರ್ಕಳಕ್ಕೆ ಮರಳಿದೆ.

ಮೂರು ವಾರಗಳ ಅನಂತರ ಅಲ್ಲಿಗೆ ಹೋದಾಗ ಆ ಗೊಂಬೆಯನ್ನು ಮಂಚದ ಕಾಲಿಗೆ ಜಡೆಯ ರಿಬ್ಬನ್ನಿನಿಂದ ಬಿಗಿದು ಕಟ್ಟಿಹಾಕಿರುವುದನ್ನು ಕಂಡೆ. ಮಗು ಅಳತೆಪಟ್ಟಿಯಿಂದ ಅದರ ಬೆನ್ನಿಗೆ ಬಾರಿಸುತ್ತಿತ್ತು. "ಯಾಕಮ್ಮ ಕಟ್ಟಿದ್ದೀ?" ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನಾಯಿಯನ್ನು ಕಟ್ಟಿಹಾಕಬೇಕಲ್ಲ ಅಜ್ಜ? ಹೇಳಿದ್ದು ಕೇಳದಿದ್ದರೆ ಹೊಡೆಯಬೇಕಲ್ಲ?" ಎಂದಳು.

ಸೊಸೆ ಅಡುಗೆಮನೆಯಿಂದಲೇ ಹೇಳಿದಳು: "ಮಾವ, ನಿಜವಾದ ಮರಿಯಾಗಿದ್ದರೆ ಅದು ನೋವಿನಿಂದ ಕೂಗುತ್ತಿತ್ತು, ಇವಳು ಕೈ ತಡೆಯುತ್ತಿದ್ದಳು. ಗೊಂಬೆ ಕೂಗುವುದಿಲ್ಲ, ನೋಡಿ." ಆ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರದ ಹುಡುಕಾಟ.

ನಮ್ಮ ಸಮಾಜದ ಮನೆಗಳಲ್ಲಿ ಈ ವಿಷಯವಾಗಿ ಎರಡು ಅಭಿಪ್ರಾಯಗಳನ್ನು ಕೇಳುತ್ತೇವೆ. ಗೊಂಬೆಯಲ್ಲಿ ಜೀವವಿಲ್ಲ, ಆದುದರಿಂದ ಹಿಂಸೆಯೂ ಇಲ್ಲ, ಶ್ರಾವಕರ ಮಕ್ಕಳಿಗೆ ಅದೇ ಯೋಗ್ಯ ಎನ್ನುವುದು ಒಂದು. ಜೀವವಿಲ್ಲದ್ದನ್ನು ಅಪ್ಪಿಕೊಂಡು ಬೆಳೆದ ಮಗು ದಯೆಯನ್ನು ಕಲಿಯುವುದೆಂತು, ಆದುದರಿಂದ ಸಾಕುಪ್ರಾಣಿಯೇ ಬೇಕು ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯಗಳೆಂದು ನನ್ನ ನಮ್ರ ಅಭಿಪ್ರಾಯ. ಅವುಗಳನ್ನು ನಮ್ಮದೇ ಶಾಸ್ತ್ರ-ಕಾವ್ಯಗಳ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲು ಸಾಕುಪ್ರಾಣಿಯ ಪಕ್ಷವನ್ನು ಪರಿಶೀಲಿಸೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರನ್ನು ತಡೆಯುವುದು. ಇವು ಕೊಲ್ಲುವವನ ದೋಷಗಳಲ್ಲ, ಸಾಕುವವನ ದೋಷಗಳು. ಕಟುಕನಿಗೆ ಅನ್ನಪಾನನಿರೋಧದ ಎಚ್ಚರಿಕೆ ಏಕೆ ಬೇಕು? ಹಟ್ಟಿಯಲ್ಲಿ ಹಸುವನ್ನೂ ಬಂಡಿಗೆ ಎತ್ತನ್ನೂ ಕಟ್ಟಿದ ಸದ್ಗೃಹಸ್ಥನನ್ನೇ ಆಚಾರ್ಯರು ಎದುರಿಗಿಟ್ಟುಕೊಂಡು ಹೇಳಿದ ಮಾತಿದು. ಸರಪಣಿಯ ನಾಯಿ ಬಂಧವಲ್ಲವೆ? ತಳಿಯ ಅಂದಕ್ಕಾಗಿ ಬಾಲವನ್ನೂ ಕಿವಿಯನ್ನೂ ಕತ್ತರಿಸುವುದು ಛೇದವಲ್ಲವೆ? ಇದಲ್ಲದೆ ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಚತುಷ್ಪದಗಳೂ ಸೇರಿವೆ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರ ಜೀವಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದೆ.

ಐದನೆಯ ಅತಿಚಾರದ ವಿಷಯದಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ನಾನು ಚಿಕ್ಕವನಿದ್ದಾಗ ಹಟ ಮಾಡಿ ಒಂದು ಹಸಿರು ಗಿಳಿಯನ್ನು ತರಿಸಿಕೊಂಡಿದ್ದೆ. ಪಂಜರ ಅಂಗಡಿಯ ಮುಂದಿನ ಜಗಲಿಯಲ್ಲಿ ತೂಗುತ್ತಿತ್ತು. ಅದಕ್ಕೆ "ಜಯ ಜಿನೇಂದ್ರ" ಎನ್ನಲು ಕಲಿಸಿದ್ದೆವು. ಗಿರಾಕಿಗಳಿಗೆಲ್ಲ ಅದೊಂದು ವಿನೋದ. 1967ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಮನೆಮಂದಿಯೆಲ್ಲ ಹೊರಟೆವು. "ಗಿಳಿಯ ನೀರಿನ ಬಟ್ಟಲು ತುಂಬಿಸಿದೆಯಾ?" ಎಂದು ತಂದೆಯವರು ಕೇಳಿದರು. ಬಸ್ಸು ತಪ್ಪೀತೆಂಬ ಆತುರದಲ್ಲಿ ಹೂಂ ಎಂದೆ. ತುಂಬಿಸಿರಲಿಲ್ಲ. ಬಾಹುಬಲಿಯ ಮೈಮೇಲೆ ಹಾಲು, ಎಳನೀರು, ಕಬ್ಬಿನ ಹಾಲು ಧಾರೆಯಾಗಿ ಇಳಿಯುವುದನ್ನು ಕಣ್ತುಂಬ ನೋಡಿ ಮರಳಿದಾಗ ಗಿಳಿ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ತಂದೆಯವರು ನನ್ನನ್ನು ಬೈಯಲಿಲ್ಲ. ಪಂಜರವನ್ನು ಮುರಿದು ಹಿತ್ತಿಲಿಗೆ ಎಸೆದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಪಂಜರದಲ್ಲಿಡುವುದು ಇಂದು ಅಪರಾಧ. ಕಾನೂನು ಬರುವ ಮೊದಲೂ ಅದು ಅಪರಾಧವೇ ಆಗಿತ್ತೆಂಬುದು ಆ ಏಳು ವರ್ಷದ ಹುಡುಗನಿಗೆ ಗೊತ್ತು.

ಮಕ್ಕಳು ತಿಳಿಯದೆ ಮಾಡಿದ್ದಕ್ಕೆ ದೋಷವೇನು ಎನ್ನುವವರು ಜೀವಂಧರನ ಕಥೆಯನ್ನು ನೆನೆಯಬೇಕು. ವಾದೀಭಸಿಂಹರ ಕ್ಷತ್ರಚೂಡಾಮಣಿಯ ನಾಯಕನಾದ ಈತನ ಕಥೆಯನ್ನು 1424ರಲ್ಲಿ ಪೆನುಗೊಂಡೆಯ ಭಾಸ್ಕರ ಕವಿ ಕನ್ನಡ ಷಟ್ಪದಿಗೆ ತಂದ. ಜೀವಂಧರ ಹುಟ್ಟಿನಿಂದಲೇ ತಾಯಿಯಿಂದ ಅಗಲಿ ಪರರ ಮನೆಯಲ್ಲಿ ಬೆಳೆದದ್ದೇಕೆ? ಹಿಂದಿನ ಭವದಲ್ಲಿ ಅವನೊಬ್ಬ ರಾಜಕುಮಾರ. ಆಟಕ್ಕೆಂದು ಹಂಸದ ಮರಿಯೊಂದನ್ನು ತಾಯ್ತಂದೆಗಳಿಂದ ಅಗಲಿಸಿ ತಂದು ಸಾಕಿದ್ದ. ಕೊಲ್ಲಲಿಲ್ಲ, ಹೊಡೆಯಲಿಲ್ಲ, ಪ್ರೀತಿಯಿಂದಲೇ ಸಾಕಿದ. ಆದರೂ ಆ ಅಗಲಿಕೆಯ ಋಣವನ್ನು ಅಗಲಿಕೆಯಿಂದಲೇ ತೀರಿಸಬೇಕಾಯಿತು. ಇಂದು ಹಣ ಕೊಟ್ಟು ತರುವ ಪ್ರತಿಯೊಂದು ನಾಯಿಮರಿಯೂ ಹಾಲು ಬಿಡುವ ಮೊದಲೋ ಬಿಟ್ಟೊಡನೆಯೋ ತಾಯಿಯಿಂದ ಅಗಲಿಸಿದ ಮರಿಯೇ. ವಾಣಿಜ್ಯ ಓದಿದವನಾಗಿ ಇನ್ನೊಂದು ಮಾತು ಸೇರಿಸುತ್ತೇನೆ: ಒಂದು ಮರಿಯನ್ನು ಕೊಂಡವನು ಇನ್ನೊಂದು ಸೂಲಿಗೆ ಮುಂಗಡ ಕೊಟ್ಟಂತೆ. ಕೃತ, ಕಾರಿತ, ಅನುಮೋದನೆಗಳಲ್ಲಿ ಕೊಳ್ಳುವವನದು ಎರಡನೆಯ ಪಾಲು.

ಕಾಪುವಿನ ನನ್ನ ಬಂಧುಗಳ ಮನೆಯ ನಡುಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಿದೆ. ಅದರೊಳಗೆ ಬಣ್ಣದ ನಾಲ್ಕು ಮೀನುಗಳು ಗೋಡೆಯಿಂದ ಗೋಡೆಗೆ ತಿರುಗುತ್ತಿರುತ್ತವೆ. ಕಿಟಕಿ ತೆರೆದರೆ ದೀಪಸ್ತಂಭದ ಬುಡಕ್ಕೆ ಬಡಿಯುವ ಅರಬ್ಬಿ ಸಮುದ್ರದ ಸದ್ದು ಕೇಳಿಸುತ್ತದೆ. ಮಕ್ಕಳು ಸಮುದ್ರದ ಕಡೆಗೆ ಬೆನ್ನು ಹಾಕಿ ಪೆಟ್ಟಿಗೆಯನ್ನು ನೋಡುತ್ತಾರೆ. ಇಂತಹ ಕಡೆ ಬಟ್ಟೆಯ ಮೀನನ್ನು ತಂದಿಟ್ಟರೆ ಮಗುವಿಗಾಗುವ ನಷ್ಟವೇನೂ ಇಲ್ಲ; ನಾಲ್ಕು ಜೀವಗಳಿಗೆ ಮಹದುಪಕಾರ. ನೋಡಿ ನಲಿಯುವುದಷ್ಟೇ ಉದ್ದೇಶವಾದಲ್ಲಿ ಗೊಂಬೆ ಪ್ರಾಣಿಯ ಸ್ಥಾನವನ್ನು ಪೂರ್ಣವಾಗಿ ತುಂಬಬಲ್ಲದು. ಇದು ದೊಡ್ಡವರ ಮಟ್ಟಿಗೂ ನಿಜ. ಕೇರಳದ ತ್ರಿಶೂರು ಜಿಲ್ಲೆಯ ಇರಿಂಞಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನದಲ್ಲಿ 2023ರಲ್ಲಿ ಜೀವಂತ ಆನೆಯ ಬದಲು ಯಂತ್ರದ ಆನೆಯನ್ನು ಉತ್ಸವಕ್ಕೆ ನಿಲ್ಲಿಸಿದರು. ಕಿವಿ ಬೀಸುವ, ಸೊಂಡಿಲೆತ್ತುವ ಆ ಆನೆಯಿಂದ ಉತ್ಸವದ ಕಳೆ ಕುಂದಲಿಲ್ಲ. ಏಕೆಂದರೆ ಅಲ್ಲಿ ಬೇಕಾಗಿದ್ದುದು ಆನೆಯ ವೈಭವ, ಆನೆಯ ಸ್ನೇಹವಲ್ಲ.

ಹಾಗಾದರೆ ಗೊಂಬೆಯ ಪಕ್ಷವೇ ಗೆದ್ದಿತೆ? ಇಲ್ಲ. "ಅದು ಬರೀ ಗೊಂಬೆ" ಎಂದು ಹೇಳುವ ಅಧಿಕಾರ ಎಲ್ಲರಿಗಿಂತ ಕಡಿಮೆ ಇರುವುದು ಜೈನರಿಗೇ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ ಸ್ಥಾಪನೆಯೆಂದರೆ ಒಂದು ವಸ್ತುವಿನಲ್ಲಿ "ಇದು ಅದೇ" ಎಂದು ಮನಸ್ಸು ಆರೋಪಿಸಿಕೊಳ್ಳುವುದು. ಷಟ್ಖಂಡಾಗಮದಲ್ಲಿ ಇದರ ಬಗೆಗಳನ್ನು ಹೇಳುವಾಗ ಮರದ ಕೆಲಸ, ಚಿತ್ರದ ಕೆಲಸ, ಕಲ್ಲಿನ ಕೆಲಸ, ದಂತದ ಕೆಲಸಗಳ ಜೊತೆಗೆ ಪೋತ್ತಕರ್ಮವೆಂಬುದೂ ಬರುತ್ತದೆ. ಪೋತ್ತವೆಂದರೆ ಬಟ್ಟೆ, ಅದರಿಂದ ಮಾಡಿದ ಪ್ರತಿಮೆಗಳೇ ಪೋತ್ತಕರ್ಮ ಎಂದು ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಬಿಡಿಸಿ ಹೇಳಿದ್ದಾರೆ. ಆ ಧವಲಾ ಗ್ರಂಥದ ತಾಡವಾಲೆಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಕಾರ್ಕಳದ ನೆರೆಯ ಮೂಡಬಿದಿರೆಯ ಬಸದಿ. ನಮ್ಮ ಅಂಗಡಿಯ ಕಪಾಟಿನಲ್ಲಿರುವ ಬಟ್ಟೆಯ ನಾಯಿಗೆ ಆಗಮದಲ್ಲೇ ಒಂದು ಹೆಸರಿದೆ ಎಂದು ತಿಳಿದ ದಿನ ನಾನು ಬೆರಗಾದೆ.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿ ಎತ್ತರದ ಬಾಹುಬಲಿಯೂ ಸ್ಥಾಪನೆಯೇ. ಕಲ್ಲಿನ ಮುಂದೆ ನಿಂತು ನಮ್ಮ ಕಷಾಯಗಳು ಶಮನವಾಗುತ್ತವೆ ಎಂದು ನಂಬುವ ನಾವು, ಬಟ್ಟೆಯ ಮುಂದೆ ಕುಳಿತ ಮಗುವಿನಲ್ಲಿ ಭಾವಗಳು ಹುಟ್ಟುವುದಿಲ್ಲವೆಂದು ಹೇಗೆ ಹೇಳೋಣ? ಪ್ರತಿಮೆ ಶುಭಭಾವವನ್ನು ಬೆಳೆಸಬಲ್ಲುದಾದರೆ ಅಶುಭಭಾವವನ್ನೂ ಬೆಳೆಸಬಲ್ಲುದು.

ಇಲ್ಲಿಯೇ ಜನ್ನನ ನೆನಪಾಗುತ್ತದೆ. 1209ರಲ್ಲಿ ಅವನು ಬರೆದು ಮುಗಿಸಿದ ಯಶೋಧರ ಚರಿತೆ ಒಂದು ಗೊಂಬೆಯ ಮೇಲೆ ನಿಂತ ಕಾವ್ಯ. ಉಜ್ಜಯಿನಿಯ ಅರಸ ಯಶೋಧರ ಪ್ರಾಣಿಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿ ಬಿಡುವುದಿಲ್ಲ. ಇಬ್ಬರ ನಡುವೆ ಒಂದು ಒಪ್ಪಂದವಾಗುತ್ತದೆ: ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿ. ಕಡಿದಾಗ ಆ ಹಿಟ್ಟು ಕೂಗಿಕೊಳ್ಳುತ್ತದೆ. ಅನಂತರ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾಗುತ್ತ ಹೋಗುತ್ತಾರೆ. ಗಿರೀಶ ಕಾರ್ನಾಡರು 1980ರ ತಮ್ಮ "ಹಿಟ್ಟಿನ ಹುಂಜ" ನಾಟಕಕ್ಕೆ ಆರಿಸಿಕೊಂಡದ್ದೂ ಇದೇ ವಸ್ತುವನ್ನು.

ಈ ಕಥೆಯನ್ನು ನಮ್ಮ ಪಾಠಶಾಲೆಗಳಲ್ಲಿ ಹೇಳುವ ಕ್ರಮದಲ್ಲಿ ಒಂದು ಕೊರತೆಯಿದೆ. "ಹಿಟ್ಟಿನ ಕೋಳಿಯನ್ನು ಕಡಿದರೂ ಪಾಪ" ಎಂಬಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಕೇಳಿದ ಮಕ್ಕಳಿಗೆ ಇದು ಅನ್ಯಾಯವೆನಿಸುತ್ತದೆ. ಇಷ್ಟು ಸಣ್ಣ ತಪ್ಪಿಗೆ ಅಷ್ಟು ದೊಡ್ಡ ಶಿಕ್ಷೆಯೆ ಎಂದು ಕೇಳುತ್ತಾರೆ. ಮೊದಲ ಪ್ರಾಣಿಜನ್ಮವನ್ನು ನಾವು ಗಮನವಿಟ್ಟು ಹೇಳುವುದೇ ಇಲ್ಲ. ಯಶೋಧರ ನವಿಲಾಗಿ, ಚಂದ್ರಮತಿ ನಾಯಿಯಾಗಿ ಹುಟ್ಟಿ ಬಂದು ಸೇರುವುದು ಎಲ್ಲಿಗೆ? ತಮ್ಮದೇ ಅರಮನೆಗೆ, ಯಶೋಧರನ ಮಗ ಯಶೋಮತಿಗೆ ಕಾಣಿಕೆಯಾಗಿ. ನಿನ್ನೆಯವರೆಗೆ ಸಿಂಹಾಸನದಲ್ಲಿದ್ದವನು ಇಂದು ಮಗನ ಮುದ್ದಿನ ನವಿಲು. ರಾಜಮಾತೆ ಮೊಮ್ಮಗನ ಮುದ್ದಿನ ನಾಯಿ. ಆ ನಾಯಿಯೇ ನವಿಲನ್ನು ಕೊಲ್ಲುತ್ತದೆ. ಕೋಪದಿಂದ ಅರಸ ನಾಯಿಯನ್ನು ಕೊಲ್ಲುತ್ತಾನೆ. ಸಾಕಿದವನಿಗೆ ತಾನು ಸಾಕಿದ್ದು ಯಾರನ್ನೆಂದು ಗೊತ್ತೇ ಇಲ್ಲ. ಪ್ರಾಣಿಯ ಬದಲಿಗೆ ಗೊಂಬೆಯನ್ನು ಇಟ್ಟವನನ್ನು ಕವಿ ಸಾಕುಪ್ರಾಣಿಯನ್ನಾಗಿಸಿದ್ದಾನೆ. ಗೊಂಬೆ ಮತ್ತು ಸಾಕುಪ್ರಾಣಿ ಎಂಬ ನಮ್ಮ ಪ್ರಶ್ನೆಯ ಎರಡು ತುದಿಗಳನ್ನೂ ಎಂಟುನೂರು ವರ್ಷಗಳ ಹಿಂದೆಯೇ ಒಂದೇ ಕಥೆಯೊಳಗೆ ಕಟ್ಟಿಹಾಕಿದ ಜನ್ನನ ಸೂಕ್ಷ್ಮತೆಗೆ ನಾವು ಇನ್ನೂ ಸಾಕಷ್ಟು ಬೆಲೆ ಕೊಟ್ಟಿಲ್ಲ.

ಆದರೆ ಜನ್ನನ ಮಾತನ್ನು ಎಲ್ಲ ಬದಲಿಗಳಿಗೂ ಅನ್ವಯಿಸುವುದು ಸರಿಯಲ್ಲ. ಯಶೋಧರ ಚರಿತೆಯ ಕೆಲವೇ ದಶಕಗಳ ಅನಂತರ, 1238ರಲ್ಲಿ ಉಡುಪಿಯ ಬಳಿಯ ಪಾಜಕದಲ್ಲಿ ಜನಿಸಿದ ಶ್ರೀ ಮಧ್ವಾಚಾರ್ಯರ ಸಂಪ್ರದಾಯದಲ್ಲಿ ಯಜ್ಞಕ್ಕೆ ಜೀವಂತ ಪಶುವಿನ ಬದಲು ಪಿಷ್ಟಪಶು, ಎಂದರೆ ಹಿಟ್ಟಿನ ಪಶು, ವಿಹಿತವಾಯಿತು. ಅದೇ ಹಿಟ್ಟು, ಅದೇ ಬದಲಿ. ನಮ್ಮ ಕಾವ್ಯವನ್ನು ಹಿಡಿದುಕೊಂಡು ಇದನ್ನು ಹಗುರವಾಗಿ ಕಾಣುವುದು ಅನುಚಿತ. ಅದರಿಂದ ಬದುಕಿ ಉಳಿದ ಆಡುಗಳ ಕಡೆಯಿಂದ ನೋಡಿದರೆ ಅದು ಅಭಯದಾನವೇ. ವ್ಯತ್ಯಾಸ ಹಿಟ್ಟಿನಲ್ಲಿಲ್ಲ, ಅದನ್ನು ಹಿಡಿದ ಮನಸ್ಸು ಯಾವ ಕಡೆಗೆ ನಡೆಯುತ್ತಿದೆ ಎಂಬುದರಲ್ಲಿದೆ. ಕೊಲ್ಲುವ ರೂಢಿಯಿಂದ ಹೊರಬರಲು ಮೆಟ್ಟಿಲಾದ ಹಿಟ್ಟು ಒಂದು. ಕೊಲ್ಲಬಾರದೆಂದು ಬಲ್ಲವನು, ಕೊಂದ ಫಲ ಮಾತ್ರ ತನಗೆ ಬೇಕೆಂದು ಹಿಡಿದ ಹಿಟ್ಟು ಇನ್ನೊಂದು. ಯಶೋಧರ ಮೇಲಿನಿಂದ ಕೆಳಗಿಳಿದ. ಅವನ ದೋಷ ಸಂಕಲ್ಪಹಿಂಸೆ.

ಜೀವಂಧರನ ಕಥೆಯಲ್ಲಿಯೂ ಒಂದು ಕೃತಕ ಪಕ್ಷಿಯಿದೆ. ಶತ್ರುಗಳು ಅರಮನೆಯನ್ನು ಮುತ್ತಿದಾಗ ಸತ್ಯಂಧರ ಮಹಾರಾಜ ಗರ್ಭಿಣಿಯಾದ ರಾಣಿ ವಿಜಯೆಯನ್ನು ನವಿಲಿನ ಆಕಾರದ ಯಂತ್ರದಲ್ಲಿ ಕೂರಿಸಿ ಆಕಾಶಮಾರ್ಗವಾಗಿ ಕಳುಹಿಸುತ್ತಾನೆ. ಹಿಟ್ಟಿನ ಕೋಳಿಯೂ ಮನುಷ್ಯ ಮಾಡಿದ್ದು, ಯಂತ್ರದ ನವಿಲೂ ಮನುಷ್ಯ ಮಾಡಿದ್ದು. ಒಂದು ತಾಯಿಮಕ್ಕಳನ್ನು ಭವಾಂತರಗಳಿಗೆ ನೂಕಿತು. ಇನ್ನೊಂದು ತಾಯಿಮಕ್ಕಳನ್ನು ಉಳಿಸಿತು. ಗೊಂಬೆಯ ಗುಣದೋಷವನ್ನು ತೂಗಬೇಕಾದ ತಕ್ಕಡಿ ಇದೇ.

ನಾವು "ಟೆಡ್ಡಿ" ಎಂದು ಮಾರುವ ಕರಡಿಯ ಹುಟ್ಟಿನ ಕಥೆಯೂ ಇಂತಹ ಇಬ್ಬಂದಿಯದೇ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪಿಯಲ್ಲಿ ಬೇಟೆಗೆ ಹೋಗಿದ್ದಾಗ ಸಂಗಡಿಗರು ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿ, ಗುಂಡು ಹಾರಿಸಿರೆಂದರು. ಕಟ್ಟಿದ ಪ್ರಾಣಿಯನ್ನು ಹೊಡೆಯುವುದಿಲ್ಲವೆಂದು ಆತ ನಿರಾಕರಿಸಿದ. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂತು. ನ್ಯೂಯಾರ್ಕಿನ ಅಂಗಡಿಕಾರನೊಬ್ಬ ಬಟ್ಟೆಯ ಕರಡಿ ಮಾಡಿ ಆತನ ಹೆಸರಿಟ್ಟ. ಜಗತ್ತಿನ ಮಕ್ಕಳು ಅಪ್ಪಿಕೊಂಡ ಗೊಂಬೆ ಹುಟ್ಟಿದ್ದು ಒಂದು ದಯೆಯ ಗಳಿಗೆಯಿಂದ. ಆದರೆ ಗಾಯಗೊಂಡಿದ್ದ ಆ ಕರಡಿಯನ್ನು ಅಲ್ಲಿಯೇ ಚೂರಿಯಿಂದ ಮುಗಿಸಲು ಆತನೇ ಹೇಳಿದನೆಂಬ ಸಂಗತಿಯನ್ನು ಗೊಂಬೆಯ ಜೊತೆ ಯಾರೂ ಮಾರುವುದಿಲ್ಲ.

ಗೊಂಬೆಯಿಂದ ಮಗುವಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದಕ್ಕೆ ಆಧುನಿಕ ಮನಶ್ಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪ್ರಯೋಗವಿದೆ. ಅಮೆರಿಕದ ಹ್ಯಾರಿ ಹಾರ್ಲೋ ಎಂಬ ವಿದ್ವಾಂಸ 1958ರಲ್ಲಿ ಪ್ರಕಟಿಸಿದ ವರದಿಯದು. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳ ಮುಂದೆ ತಂತಿಯ ತಾಯಿ, ಬಟ್ಟೆ ಹೊದಿಸಿದ ತಾಯಿ ಎಂಬ ಎರಡು ಗೊಂಬೆಗಳನ್ನಿಟ್ಟರು. ಹಾಲು ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ಅಪ್ಪಿಕೊಂಡು ಕುಳಿತದ್ದು ಬಟ್ಟೆಯ ತಾಯಿಯನ್ನೇ. ಬಟ್ಟೆಯ ಗೊಂಬೆ ಭಯವನ್ನು ಕಳೆದು ಧೈರ್ಯ ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಜೀವಂತ ಒಡನಾಟವಿಲ್ಲದೆ ಹೀಗೆ ಬೆಳೆದ ಮರಿಗಳು ದೊಡ್ಡವಾದ ಮೇಲೆ ತಮ್ಮ ಕುಲದವರೊಡನೆ ಬಾಳಲರಿಯದಾದವು. ಅವುಗಳಲ್ಲಿ ತಾಯಿಯಾದವು ತಮ್ಮ ಮರಿಗಳನ್ನೇ ನೂಕಿದವು. ಮರಿಗಳನ್ನು ಅಗಲಿಸಿ ಮಾಡಿದ ಈ ಪ್ರಯೋಗವನ್ನು ಯಾವ ಜೈನನೂ ಮೆಚ್ಚಲಾರ. ಅದರಿಂದ ತಿಳಿದುಬಂದ ಮಾತನ್ನಾದರೂ ವ್ಯರ್ಥಮಾಡದಿರೋಣ: ಬಟ್ಟೆ ಸಾಂತ್ವನ ಕೊಡುತ್ತದೆ, ಸಂಬಂಧವನ್ನು ಕಲಿಸಲಾರದು.

ಈಗ ಸೊಸೆಯ ಮಾತಿಗೆ ಬರುತ್ತೇನೆ. ಗೊಂಬೆ ಕೂಗುವುದಿಲ್ಲ ಎಂದಳು, ಅದು ಸತ್ಯ. ಆದರೆ ಮಗುವಿನ ಕೈಯನ್ನು ತಡೆಯಲು ಒಂದು ಜೀವ ನೋವುಂಡು ಕೂಗಬೇಕೆ? ಮಗುವಿನ ದಯೆಯ ಪಾಠಕ್ಕೆ ನಾಯಿಮರಿ ತನ್ನ ಬೆನ್ನನ್ನು ಶುಲ್ಕವಾಗಿ ತೆರಬೇಕೆ? ಕೂಗಬೇಕಾದವರು ನಾವು, ಹಿರಿಯರು. ಯಶೋಧರನ ಹಿಟ್ಟು ಕೂಗಿದಂತೆ ಬಟ್ಟೆಯ ನಾಯಿಯ ಪರವಾಗಿ ನಾವು ಕೂಗಬೇಕು. ಮೊಮ್ಮಗಳ ಆಟ ಸಂಕಲ್ಪಹಿಂಸೆಯೆಂದು ನಾನು ಹೇಳುತ್ತಿಲ್ಲ. ಎಂಟು ವರ್ಷದ ಮಗುವಿಗೆ ಯಶೋಧರನ ತಿಳಿವೂ ಇಲ್ಲ, ಅವನ ಕಪಟವೂ ಇಲ್ಲ. ಅವಳು ಕನ್ನಡಿ ಹಿಡಿದಳು. ನಾಯಿಯೆಂದರೆ ಕಟ್ಟಿಹಾಕುವಂಥದ್ದು, ಹೊಡೆಯುವಂಥದ್ದು ಎಂದು ಅವಳಿಗೆ ಕಲಿಸಿದವರು ಅಕ್ಕಪಕ್ಕದ ಮನೆಗಳವರು, ಬೀದಿಯವರು, ನಾವೆಲ್ಲರೂ. ಅಂಗಡಿಯ ಮುಂದೆ ಮಲಗಿದ ಬೀದಿನಾಯಿಯನ್ನು ನಾನೇ ಅದೆಷ್ಟು ಬಾರಿ ಗಜಕೋಲು ತೋರಿಸಿ ಅಟ್ಟಿಲ್ಲ! ಅವಳ ಕೈಯಲ್ಲಿದ್ದುದು ಅದೇ ಕೋಲಿನ ಚಿಕ್ಕ ರೂಪ.

ನನ್ನ ತಪ್ಪು ನಾಯಿಮರಿಯನ್ನು ಬೇಡವೆಂದದ್ದಲ್ಲ. ಗೊಂಬೆಯನ್ನು ಕೊಟ್ಟು ಕೈತೊಳೆದುಕೊಂಡದ್ದು. "ಇದಕ್ಕೆ ಹಸಿವೆಯೂ ಇಲ್ಲ" ಎಂದು ಯಾವುದನ್ನು ಗುಣವೆಂದು ಹೊಗಳಿದೆನೋ ಅದೇ ಅದರ ದೊಡ್ಡ ಕೊರತೆ. ಹಸಿವೆಯಿಲ್ಲದ್ದು ನಮ್ಮಿಂದ ಏನನ್ನೂ ಬೇಡುವುದಿಲ್ಲ. ನೀರು ತುಂಬಿಸಿದೆಯಾ ಎಂಬ ಪ್ರಶ್ನೆ ಗೊಂಬೆಯ ವಿಷಯದಲ್ಲಿ ಹುಟ್ಟುವುದೇ ಇಲ್ಲ. 1967ರಲ್ಲಿ ನಾನು ಸೋತ ಪರೀಕ್ಷೆ ಅದು; ಪರೀಕ್ಷೆಯನ್ನೇ ರದ್ದುಮಾಡಿ ಮೊಮ್ಮಗಳನ್ನು ಗೆಲ್ಲಿಸಿದೆನೆಂದು ಭಾವಿಸಿದ್ದೆ.

ಹಾಗಾದರೆ ಮಾರ್ಗವೇನು? ಒಡೆತನವಿಲ್ಲದ ಒಡನಾಟವೆಂಬ ಮೂರನೆಯ ದಾರಿ ನಮ್ಮ ಪರಂಪರೆಯಲ್ಲೇ ಇದೆ. ಜೀವಂಧರ ತನ್ನ ಹಿಂದಿನ ಋಣವನ್ನು ತೀರಿಸಿದ ಅದೇ ಭವದಲ್ಲಿ, ಜನರ ಹೊಡೆತ ತಿಂದು ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಆ ನಾಯಿ ಅವನದಲ್ಲ. ಸಾಕಿದ್ದಲ್ಲ, ಕೊಂಡದ್ದಲ್ಲ, ಹೆಸರಿಟ್ಟದ್ದೂ ಅಲ್ಲ. ದಿಲ್ಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿ ನಮ್ಮ ದಿಗಂಬರ ಬಂಧುಗಳು ನಡೆಸುವ ಪಕ್ಷಿಗಳ ಆಸ್ಪತ್ರೆಯಲ್ಲಿಯೂ ಗುಣವಾದ ಹಕ್ಕಿಗಳನ್ನು ಆಕಾಶಕ್ಕೆ ಬಿಡುತ್ತಾರೆ. ಆರೈಕೆಯಿದೆ, ಪಂಜರವಿಲ್ಲ. ತಾಯಿ ಸತ್ತು ಬೀದಿಗೆ ಬಿದ್ದ ಮರಿಯನ್ನು ಮನೆಗೆ ತಂದು ಉಳಿಸಿದವರನ್ನು ನಾನು ದೂಷಿಸಲಾರೆ. ಅದು ಪರಿಗ್ರಹಕ್ಕಿಂತ ಅಭಯದಾನಕ್ಕೆ ಹತ್ತಿರ. ಕೊಂಡು ತರುವುದು ಬೇರೆ, ಕಾಪಾಡುವುದು ಬೇರೆ. ಪುಣ್ಯಕ್ಕೆಂದು ಪಂಜರದ ಹಕ್ಕಿಗಳನ್ನು ಹಣ ಕೊಟ್ಟು ಕೊಂಡು ಹಾರಿಬಿಡುವವರೂ ಯೋಚಿಸಬೇಕು: ಇಂದು ಒಂದಕ್ಕೆ ಬೆಲೆ ಸಿಕ್ಕಿದರೆ ನಾಳೆ ಎರಡಕ್ಕೆ ಬಲೆ ಬೀಳುತ್ತದೆ.

ಗೊಂಬೆಯನ್ನು ಕೊಡುವವರೂ ನೋಡಿ ಕೊಡಬೇಕು. ಮೊಲದ ತುಪ್ಪಳ, ಹಕ್ಕಿಯ ಗರಿ ಸೇರಿದ ಗೊಂಬೆಗಳು ಪೇಟೆಯಲ್ಲಿವೆ. ಪ್ರಾಣಿಯನ್ನು ಉಳಿಸಲೆಂದು ಪ್ರಾಣಿಯ ಚರ್ಮವನ್ನೇ ಮನೆಗೆ ತಂದಂತಾದೀತು. ನಮ್ಮ ಹೆಮ್ಮೆಯ ಚನ್ನಪಟ್ಟಣದ ಮರದ ಗೊಂಬೆಗಳ ಹೊಳಪು ಕೂ‌ಡ ಅರಗಿನದು, ಅರಗು ಕೀಟದಿಂದ ಬರುವುದು. ವ್ರತಿಕರು ಇದನ್ನೂ ತಿಳಿದಿರುವುದು ಒಳ್ಳೆಯದು. ಹಳೆಯ ಸೀರೆಯ ತುಂಡಿನಲ್ಲಿ ಹತ್ತಿ ತುಂಬಿ ಅಜ್ಜಿಯರು ಹೊಲಿದುಕೊಡುತ್ತಿದ್ದ ಗೊಂಬೆಯೇ ಎಲ್ಲಕ್ಕಿಂತ ನಿರ್ದೋಷವಾದುದು. ಇದರಿಂದ ನನ್ನ ವ್ಯಾಪಾರಕ್ಕೆ ಲಾಭವಿಲ್ಲ; ಇರಲಿ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಪಾಠಶಾಲೆಯ ಮಕ್ಕಳಿಗೆ ಅತಿಚಾರಗಳ ಹೆಸರನ್ನು ಕಂಠಪಾಠ ಮಾಡಿಸುವ ಜೊತೆಗೆ ಬಸದಿಯ ಪ್ರಾಕಾರದ ಹೊರಗೆ ಒಂದು ಕಲ್ಲಿನ ಮರಿಗೆಯನ್ನಿಡಿ. ಮಾಘದಿಂದ ಮಳೆ ಬರುವವರೆಗೆ ಅದನ್ನು ತೊಳೆದು, ಸೋಸಿದ ನೀರು ತುಂಬುವ ಸರದಿಯನ್ನು ಮಕ್ಕಳಿಗೇ ಒಪ್ಪಿಸಿ. ಅಲ್ಲಿಗೆ ಬರುವ ಹಸು, ನಾಯಿ, ಕಾಗೆ ಯಾರ ಸ್ವತ್ತೂ ಅಲ್ಲ. ಆದರೆ ನೀರು ಬತ್ತಿದರೆ ಅದು ಒಂದು ಮಗುವಿನ ಹೊಣೆ. ಅನ್ನಪಾನನಿರೋಧವೆಂದರೇನೆಂದು ಆ ಮಗುವಿಗೆ ಬೇರೆ ವ್ಯಾಖ್ಯಾನ ಬೇಕಾಗದು.

ಮಣಿಪಾಲದ ಮನೆಯ ಬಾಲ್ಕನಿಯಲ್ಲಿ ಈಗ ಒಂದು ಮಣ್ಣಿನ ಬಟ್ಟಲಿದೆ. ದಿನವೂ ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೋಗುವ ಮೊದಲು ಮೊಮ್ಮಗಳು ಅದಕ್ಕೆ ನೀರು ತುಂಬಿಸಬೇಕು. ಮೊದಲ ಹತ್ತು ದಿನ ಯಾವ ಹಕ್ಕಿಯೂ ಬರಲಿಲ್ಲ, ಅವಳಿಗೆ ಬೇಸರವಾಯಿತು. ಹನ್ನೊಂದನೆಯ ದಿನ ಒಂದು ಕಾಗೆ ಬಂತು, ಕುಡಿಯಿತು, ಇವಳು ಹತ್ತಿರ ಹೋದೊಡನೆ ಹಾರಿಹೋಯಿತು. "ಅದು ನನ್ನ ಹತ್ತಿರ ನಿಲ್ಲುವುದೇ ಇಲ್ಲ ಅಜ್ಜ" ಎಂದು ದೂರವಾಣಿಯಲ್ಲಿ ದೂರಿದಳು. "ನಿಲ್ಲದಿದ್ದರೂ ನೀರು ಇಡುತ್ತೀಯಲ್ಲ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಹೂಂ ಎಂದಳು. ಬಟ್ಟೆಯ ನಾಯಿಯ ಕೊರಳಿನ ರಿಬ್ಬನ್ನನ್ನು ಬಿಚ್ಚಿದ್ದಾಳಂತೆ. ರಾತ್ರಿ ಅದನ್ನು ತಬ್ಬಿಕೊಂಡೇ ಮಲಗುತ್ತಾಳೆಂದು ಸೊಸೆ ಹೇಳಿದಳು. ಮೊನ್ನೆ ಅಲ್ಲಿಗೆ ಹೋದಾಗ, ಅವಳು ಶಾಲೆಗೆ ಹೋದ ಮೇಲೆ ನಾನು ಬಾಲ್ಕನಿಗೆ ಹೋಗಿ ನೋಡಿದೆ. ಬಟ್ಟಲು ತುಂಬಿತ್ತು.